ತಡವಾಗಿ ಬಂದವರ ಪುಸ್ತಕ

ಎಂಟನೆಯ ತರಗತಿಗೆ ಕಮಲಾಪುರದ ಹೈಸ್ಕೂಲಿಗೆ ಸೇರಿದ ಮೇಲೆ ಎರಡೂವರೆ ವರ್ಷ ನಾನು ಒಂದು ದಿನವೂ ಬೆಳಗಿನ ಪ್ರಾರ್ಥನೆಗೆ ನಿಂತವಳಲ್ಲ. ನಮ್ಮೂರಿನಿಂದ ಹೋಗುತ್ತಿದ್ದ ಹನ್ನೊಂದು ಹುಡುಗ ಹುಡುಗಿಯರಲ್ಲಿ ಯಾರೂ ನಿಂತವರಲ್ಲ. ನಮ್ಮೂರು ಕಮಲಾಪುರದಿಂದ ಎಂಟು ಕಿಲೋಮೀಟರ್ ಒಳಗೆ, ನಡುವೆ ಹಳ್ಳ. ಕಲಬುರಗಿಯಿಂದ ಹೊರಟ ಬಸ್ಸು ಬೇರೆ ಹಳ್ಳಿಗಳನ್ನೆಲ್ಲ ಸುತ್ತಿ ಕೊನೆಗೆ ನಮ್ಮೂರಿಗೆ ಬರುತ್ತಿತ್ತು. ನಮ್ಮನ್ನು ಹತ್ತಿಸಿಕೊಂಡು ಕಮಲಾಪುರ ಮುಟ್ಟುವಷ್ಟರಲ್ಲಿ ಹತ್ತು ಗಂಟೆ ಹತ್ತು ನಿಮಿಷ. ಶಾಲೆಯ ಗೇಟು ಹಾಕುತ್ತಿದ್ದುದು ಒಂಬತ್ತೂ ಮುಕ್ಕಾಲಿಗೆ. ಅದಕ್ಕೆ ಮುಂಚಿನ ಬಸ್ಸು ಬೆಳಗಿನ ಆರೂವರೆಯದು. ನೀರು ತುಂಬುವುದು ಬಿಟ್ಟು ಹೆಣ್ಣುಮಕ್ಕಳು ಅಷ್ಟು ಬೇಗ ಹೋಗಿ ಮೂರು ತಾಸು ಸ್ಟ್ಯಾಂಡಿನಲ್ಲಿ ಕೂತಿರಲು ಯಾರ ಮನೆಯವರೂ ಒಪ್ಪುತ್ತಿರಲಿಲ್ಲ.

ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಶಿಸ್ತು ಮಂತ್ರಿ ಕೂತಿರುತ್ತಿದ್ದ. ತೊಡೆಯ ಮೇಲೆ ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕ. ಹೊದಿಕೆಯ ಮೇಲೆ ಕೆಂಪು ಶಾಯಿಯಲ್ಲಿ ‘ತಡವಾಗಿ ಬಂದವರು’. ನಾವು ಗೇಟಿನ ಸಂದಿಯಿಂದ ಕೈ ತೂರಿಸಿ ನಮ್ಮ ನಮ್ಮ ಹೆಸರಿನ ಮುಂದೆ ಸಹಿ ಮಾಡಬೇಕು. ಮೊದಲ ಪಿರಿಯಡ್ ಮುಗಿಯುವ ತನಕ ಹೊರಗೇ ನಿಲ್ಲಬೇಕು. ಹಾಜರಿ ಕೂಗುತ್ತಿದ್ದುದು ಮೊದಲ ಪಿರಿಯಡ್ಡಿನಲ್ಲಿ. ಹೀಗಾಗಿ ದಿನಾ ಶಾಲೆಗೆ ಬಂದೂ ನಮಗೆ ದಿನಾ ಅರ್ಧ ದಿನದ ಗೈರುಹಾಜರಿ.

ಮಂತ್ರಿ ಅಂದರೆ ನಗಬೇಡಿ. ಪ್ರತಿ ವರ್ಷ ಮಳೆಗಾಲದ ಶುರುವಿಗೆ ನಮ್ಮಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತಿತ್ತು. ಮುಖ್ಯಮಂತ್ರಿಯನ್ನು ಮಕ್ಕಳೇ ಆರಿಸಬೇಕು. ಗೆದ್ದವನು ಸಂಸತ್ತು ನೋಡಿಕೊಳ್ಳುವ ಸರ್ ಜೊತೆ ಕೂತು ಉಳಿದವರಿಗೆ ಖಾತೆ ಹಂಚಬೇಕು. ಬಿಸಿಯೂಟದ ಮಂತ್ರಿ ಎಲ್ಲರಿಗಿಂತ ಮೊದಲು ಸಾರಿನ ಉಪ್ಪು ನೋಡುವವನು, ನೀರಿನ ಮಂತ್ರಿ ಟಾಕಿ ತೊಳೆಸುವವನು, ಶಿಸ್ತು ಮಂತ್ರಿ ಗೇಟು ಕಾಯುವವನು. ತೋಟದ ಮಂತ್ರಿ ಅಂತ ಒಬ್ಬನಿದ್ದ, ಅವನಿಗೆ ಮಾತ್ರ ಕೆಲಸವೇ ಇರಲಿಲ್ಲ. ತಡವಾಗಿ ಬಂದ ಶಿಕ್ಷೆಗೆ ಗಿಡಗಳಿಗೆಲ್ಲ ನಾವೇ ನೀರು ಹಾಕುತ್ತಿದ್ದೆವು. ಇಡೀ ಶಾಲೆ ನಮ್ಮನ್ನು ‘ಬಸ್ ಪಾರ್ಟಿ’ ಎಂದು ಕರೆಯುತ್ತಿತ್ತು. ಪಾರ್ಟಿ ಅಂತ ಹೆಸರಿದ್ದರೂ ನಮ್ಮದು ಒಂದು ಓಟೂ ಬೀಳುತ್ತಿರಲಿಲ್ಲ. ಮತದಾನ ಪ್ರಾರ್ಥನೆಯ ಬೆನ್ನಿಗೇ ಮುಗಿದುಹೋಗುತ್ತಿತ್ತು. ನಮ್ಮನ್ನು ಒಳಗೆ ಬಿಟ್ಟಾಗ ಎಲ್ಲರ ಬೆರಳಿಗೂ ಶಾಯಿಯ ಗುರುತು ಇರುತ್ತಿತ್ತು, ನಮ್ಮ ಹನ್ನೊಂದು ಮಂದಿಯ ಬೆರಳು ಖಾಲಿ.

ಎಂಟು, ಒಂಬತ್ತರಲ್ಲಿ ಈ ಗೈರುಹಾಜರಿ ಯಾರಿಗೂ ಚುಚ್ಚಲಿಲ್ಲ. ಹತ್ತನೆಯ ತರಗತಿಗೆ ಬಂದ ಮೊದಲ ತಿಂಗಳೇ ಕ್ಲಾಸ್ ಟೀಚರ್ ನನ್ನನ್ನು ಕರೆದು ಹಾಜರಿ ಪುಸ್ತಕ ತೋರಿಸಿದರು.

“ಹಿಂಗೇ ನಡೀತಂದ್ರ ನಿನ್ನ ಪರೀಕ್ಷಾ ಅರ್ಜಿ ಕಳಸಾಕ ಬರಂಗಿಲ್ಲವ್ವಾ. ಮುಕ್ಕಾಲು ಭಾಗ ಹಾಜರಿ ಬೇಕೇ ಬೇಕು.”

“ದಿನಾ ಬರ್ತೀನ್ರೀ ಟೀಚರ್.”

“ನನ್ನ ಪುಸ್ತಕದಾಗ ಬರವಲ್ಲಿ.”

ನಮ್ಮಪ್ಪ ಕಮಲಾಪುರದ ಸುತ್ತಿನ ತೋಟಗಳಲ್ಲಿ ಬಾಳೆಗೊನೆ ಹೊರುವ ಕೂಲಿ. ಕೆಂಪು ಬಾಳೆಯ ಗೊನೆ ಹೊತ್ತು ಹೊತ್ತು ಅವನ ಅಂಗಿಯ ಬಲ ಹೆಗಲು ಯಾವಾಗಲೂ ಕಲೆಗಟ್ಟಿ ಕಪ್ಪಾಗಿರುತ್ತಿತ್ತು. ಅವನಿಗೆ ಸಹಿ ಮಾಡಲು ಬರುತ್ತಿರಲಿಲ್ಲ, ಅವ್ವನಿಗೂ ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಟೀಚರ್ ಹೇಳಿದ್ದನ್ನು ಮುಚ್ಚಿಡದೆ ಹೇಳಿದೆ. ಅಪ್ಪ ರೊಟ್ಟಿ ಮುರಿದ.

“ಪರೀಕ್ಷಾಕ್ಕ ಕೂಡ್ಸಂಗಿಲ್ಲ ಅಂದ್ರ ಬಸ್ಸಿನ್ಯಾಗ ಸುಮ್ಮ ಯಾಕ ಅಡ್ಡಾಡ್ತಿ? ತೊಗರಿ ರಾಶಿ ಶುರು ಆಗೋತನಕ ನೋಡ್ತೀನಿ. ಆಮ್ಯಾಗ ನಿಮ್ಮವ್ವನ ಕೂಡ ಹೊಲಕ್ಕ ನಡಿ.”

“ಮೊದಲು ರಾಶಿ ಬರಲಿ, ಆಮ್ಯಾಗ ಮಾತಾಡು,” ಅಂದಳು ಅವ್ವ, ಒಲೆಯ ಮುಂದಿನಿಂದ ತಿರುಗದೆ. ಅವಳು ನನ್ನ ಕಡೆ ಎಂದು ಅಷ್ಟಕ್ಕೇ ಗೊತ್ತಾಯಿತು.

ಆ ವರ್ಷ ಸಂಸತ್ತಿನ ಜವಾಬ್ದಾರಿ ಹೊಸದಾಗಿ ಬಂದ ಸಮಾಜ ವಿಜ್ಞಾನದ ಸರ್‌ಗೆ ಬಿತ್ತು. ಅವರು ನಿಯಮದ ಮನುಷ್ಯ. ನಾಮಪತ್ರ, ಅದನ್ನು ವಾಪಸು ಪಡೆಯುವ ದಿನ, ಚಿಹ್ನೆ, ಪ್ರಚಾರ, ಎಲ್ಲಕ್ಕೂ ಹೊತ್ತು ಗೊತ್ತುಮಾಡಿ ನೋಟಿಸ್ ಬೋರ್ಡಿಗೆ ಹಚ್ಚಿದರು. ನಾಮಪತ್ರ ಕೊಡಲು ಕೊನೆಯ ಹೊತ್ತು ಬೆಳಿಗ್ಗೆ ಹತ್ತು ಗಂಟೆ.

ಬೆಂಚಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ ಕಮಲಾಪುರದ ಟೇಲರ್ ಒಬ್ಬರ ಮಗಳು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ನಮ್ಮಂಥದೇ ಕನ್ನಡ. ಅವಳ ಮನೆಯಿಂದ ಶಾಲೆಗೆ ಐದು ನಿಮಿಷದ ದಾರಿ.

“ಮುಖ್ಯಮಂತ್ರಿಗೆ ನಿಲ್ಲು,” ಅಂದಳು. “ಗೆದ್ದಿ ಅಂದ್ರ ಗೇಟು ನಿನ್ನ ಕೈಯಾಗ.”

“ನಾಮಪತ್ರ ಯಾರು ಕೊಡ್ತಾರ? ಹತ್ತಕ್ಕ ನಾ ಬಸ್ಸಿನ್ಯಾಗ ಇರ್ತೀನಿ.”

“ಸೂಚಕರು ಕೊಟ್ರೂ ನಡೀತದ ಅಂತ ಬೋರ್ಡಿನ ಮ್ಯಾಲೆ ಬರದಾರ. ಓದೀದಿಯೇನು? ಬರೇ ಗಿಡಕ್ಕ ನೀರು ಹಾಕಾಕ ಸಾಲಿಗೆ ಬರ್ತಿ ನೀ.”

ಅವಳೇ ಸೂಚಕಿಯಾಗಿ ನನ್ನ ನಾಮಪತ್ರ ಕೊಟ್ಟಳು. ಚಿಹ್ನೆ ಆರಿಸಲು ನಾನು ಒಳಗೆ ಹೋಗುವಷ್ಟರಲ್ಲಿ ಪೆನ್ನು, ಸೂರ್ಯ, ಕಂದೀಲು ಎಲ್ಲ ಹೋಗಿ ಉಳಿದದ್ದು ಬಾಚಣಿಕೆ, ನಮ್ಮ ಕಡೆಯ ಹಣಿಗಿ. ಮರುದಿನ ಮುಖ್ಯ ಎದುರಾಳಿ ನಮ್ಮ ಕ್ಲಾಸಿನ ಬಾಗಿಲಿಗೆ ಬಂದು ನಿಂತ. ಅವನು ಬಜಾರಿನ ಬಟ್ಟೆ ಅಂಗಡಿಯವರ ಮಗ, ಒಳ್ಳೆಯ ಗಂಟಲು, ಅವನ ಚಿಹ್ನೆ ಪೆನ್ನು.

“ಹಣಿಗಿಗೆ ಓಟು ಹಾಕಿದ್ರ ತಲ್ಯಾನ ಹೇನು ಹೋಗ್ತಾವೇನು?”

“ಹೌ, ಸಾಲ್ಯಾಗ ಹೇನು ಭಾಳ ಆಗ್ಯಾವ,” ಅಂದಳು ನನ್ನ ಗೆಳತಿ. “ಅದಕ್ಕೇ ನಿಂತಾಳ.”

ಆ ಮಾತು ಬಿಸಿಯೂಟದ ಹೊತ್ತಿಗೆ ಎಲ್ಲ ಕ್ಲಾಸಿಗೂ ಹರಡಿತು. ಎಂಟನೆಯ ತರಗತಿಯ ಹುಡುಗಿಯರು ನನ್ನನ್ನು ಕಂಡರೆ ಜಡೆಯ ಮೇಲೆ ಕೈಯಾಡಿಸಿ ನಗುತ್ತಿದ್ದರು. ಗೆಲ್ಲುತ್ತೇನೆಂದು ನನಗೇ ಅನ್ನಿಸತೊಡಗಿತು.

ಮತದಾನಕ್ಕೆ ಸರ್ ಒಂಬತ್ತೂ ಮುಕ್ಕಾಲಿನಿಂದ ಹತ್ತೂವರೆ ತನಕ ಹೊತ್ತಿಟ್ಟರು. ನಮ್ಮ ಬಸ್ಸನ್ನು ಲೆಕ್ಕಕ್ಕೆ ಹಿಡಿದೇ ಹಾಗೆ ಮಾಡಿದ್ದರು, ಆ ದಿನ ನಮ್ಮನ್ನು ಗೇಟಿನಲ್ಲಿ ತಡೆಯಬಾರದೆಂದೂ ಹೇಳಿದ್ದರು. ಆದರೆ ಅವತ್ತೇ ದಾರಿಯಲ್ಲಿ ಹಾಲಿನ ಕ್ಯಾನುಗಳ ಗಾಡಿಯೊಂದು ಅಡ್ಡ ಬಿದ್ದಿತ್ತು. ನಾವು ಇಳಿದಾಗ ಹತ್ತೂ ನಲವತ್ತು. ಹನ್ನೊಂದು ಮಂದಿ ಓಡಿಹೋಗಿ ಮತಗಟ್ಟೆಯ ಬಾಗಿಲಿಗೆ ನಿಂತೆವು. ಸರ್ ಪೆಟ್ಟಿಗೆಗೆ ಕಾಗದ ಅಂಟಿಸಿ ಮುದ್ರೆ ಒತ್ತುತ್ತಿದ್ದರು. ನಮ್ಮನ್ನು ನೋಡಿ ಅವರ ಮುಖ ಸಣ್ಣದಾಯಿತು.

“ಹತ್ತೂವರೆ ಅಂತ ಬರದು ಹಚ್ಚೀನಿ. ಈಗ ನಿಮಗ ತೆಗದ್ರ ಆ ಕಡಿಯವರು ಏನಂತಾರ?”

ಮಧ್ಯಾಹ್ನ ಎಣಿಕೆಯಾಯಿತು. ನಾಲ್ಕು ಓಟಿನಿಂದ ಸೋತೆ. ನನ್ನ ಓಟೇ ನನಗೆ ಬಿದ್ದಿರಲಿಲ್ಲ. ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತುವಾಗ ನಾನೂ ಚಪ್ಪಾಳೆ ತಟ್ಟಿದೆ, ಕೈ ಮಾತ್ರ ಸಪ್ಪಳ ಮಾಡಲಿಲ್ಲ.

ಶಾಲೆ ಬಿಟ್ಟ ಮೇಲೆ ಸರ್ ನನ್ನನ್ನು ಸ್ಟಾಫ್ ರೂಮಿಗೆ ಕರೆದರು.

“ಸೋತವರಿಗೂ ಸಂಸತ್ತಿನ್ಯಾಗ ಒಂದು ಕುರ್ಚಿ ಅದ. ವಿರೋಧ ಪಕ್ಷದ ನಾಯಕಿ. ಈ ಸಾಲ್ಯಾಗ ಇಲ್ಲೀತನಕ ಅದರ ಮ್ಯಾಲೆ ಯಾರೂ ಕೂತಿಲ್ಲಂತ. ಸೋತವರೆಲ್ಲ ಸಿಟ್ಟಿಗೆದ್ದು ಮನಿಗೆ ಹೋಗ್ಯಾರ.”

“ಕೂತು ಏನ್ ಮಾಡ್ಬೇಕ್ರೀ?”

“ಶುಕ್ರವಾರದ ಸಭಾದಾಗ ಒಂದು ಪ್ರಶ್ನೆ ಕೇಳಬಹುದು. ಮಂತ್ರಿಗಳು ಉತ್ತರ ಕೊಡಲೇಬೇಕು. ಕಾಗದ ಕೇಳಿದ್ರ ಕಾಗದ ತರಲೇಬೇಕು.”

“ಯಾವ ಕಾಗದ ಕೇಳಿದ್ರೂ ತರ್ತಾರ್ರೀ?”

“ಯಾವದು ಕೇಳಿದ್ರೂ.”

ಬಸ್ಸು ನಮ್ಮೂರು ಮುಟ್ಟುವ ಮೊದಲೇ ನನಗೆ ಯಾವ ಕಾಗದ ಬೇಕೆಂದು ಗೊತ್ತಾಗಿತ್ತು.

ಸಭೆ ಸೇರುತ್ತಿದ್ದುದು ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ, ಬೇವಿನ ಗಿಡದ ಕೆಳಗೆ. ಬೆಂಚುಗಳನ್ನು ಎದುರುಬದುರಾಗಿ ಎರಡು ಸಾಲು ಹಾಕುತ್ತಿದ್ದರು. ನಡುವೆ ಸಭಾಧ್ಯಕ್ಷರಾಗಿ ಹೆಡ್ ಮಾಸ್ಟರ್, ಅವರ ಮುಂದೆ ಮೇಜಿನ ಮೇಲೆ ಒಂದು ಗಂಟೆ. ಗೇಟಿನ ನಿಯಮ ಮಾಡಿದವರೂ ಅವರೇ. ನಾನು ಎದ್ದು ನಿಂತೆ.

“ಮಾನ್ಯ ಸಭಾಧ್ಯಕ್ಷರೇ, ಶಿಸ್ತು ಮಂತ್ರಿಗಳು ತಡವಾಗಿ ಬಂದವರ ಪುಸ್ತಕವನ್ನು ಸದನದ ಮುಂದೆ ಇಡಬೇಕು.”

ಆ ವರ್ಷದ ಶಿಸ್ತು ಮಂತ್ರಿಯ ಅಕ್ಷರ ಮುತ್ತಿನಂತೆ. ಪುಸ್ತಕವನ್ನು ಹೆಮ್ಮೆಯಿಂದಲೇ ತಂದಿಟ್ಟ. ಓದಿರಿ ಅಂದೆ. ಸೋಮವಾರದ ಹನ್ನೊಂದು ಹೆಸರು ಓದಿದ. ಮಂಗಳವಾರವೂ ಅವೇ ಹೆಸರು. ಬುಧವಾರಕ್ಕೆ ಬರುವಷ್ಟರಲ್ಲಿ ಎಂಟನೆಯ ತರಗತಿಯವರು ಅವನ ಜೊತೆ ಬಾಯಿಪಾಠ ಹೇಳತೊಡಗಿದರು. ಹೆಡ್ ಮಾಸ್ಟರ್ ಗಂಟೆ ಬಾರಿಸಿದರು.

“ಈ ಹನ್ನೊಂದು ಮಂದಿ ಎಂದಾದ್ರೂ ಬ್ಯಾರೆ ಬ್ಯಾರೆ ಹೊತ್ತಿಗೆ ಬಂದಾರೇನು?” ಎಂದು ಕೇಳಿದೆ.

“ಇಲ್ಲ. ಎಲ್ಲಾರೂ ಕೂಡೇ ಬರ್ತಾರ.”

“ಯಾವದ್ರಾಗ ಬರ್ತಾರ?”

“ಬಸ್ಸಿನ್ಯಾಗ.”

“ಹಂಗಾದ್ರ ತಡ ಮಾಡಿದವರು ಯಾರು?”

ಅವನು ಪುಸ್ತಕ ನೋಡಿದ, ಸರ್ ಮುಖ ನೋಡಿದ. “ಪುಸ್ತಕದ ಪ್ರಕಾರ ಇವರೇ...”

“ಮಂತ್ರಿಗಳು ಸುಳ್ಳ ಹೇಳಾಕತ್ತಾರ್ರೀ,” ಅಂದಳು ಹಿಂದಿನ ಬೆಂಚಿನಿಂದ ನನ್ನ ಗೆಳತಿ.

“ಸುಳ್ಳು ಅನ್ನೋ ಮಾತು ಸದನದಾಗ ಬರಂಗಿಲ್ಲ,” ಅಂದರು ಸರ್. “ಮಂತ್ರಿಗಳ ಹತ್ರ ಪೂರಾ ಮಾಹಿತಿ ಇಲ್ಲ ಅನ್ನು.”

“ಮಂತ್ರಿಗಳ ಹತ್ರ ಪೂರಾ ಮಾಹಿತಿ ಇಲ್ರೀ. ಬಸ್ಸಿನ ಹೆಸರು ಬರಕೊಳ್ಳೋದು ಬಿಟ್ಟಾರ,” ಅಂದಳು ಅವಳು.

ಇಡೀ ಸಭೆ ನಕ್ಕಿತು. ಮುಖ್ಯಮಂತ್ರಿಯಾಗಿದ್ದ ನನ್ನ ಎದುರಾಳಿಯೂ ನಕ್ಕ, ನಕ್ಕು ಎದ್ದು ನಿಂತು, “ಬಸ್ಸಿಂದೂ ಬರೀಲಿ ಬಿಡ್ರಿ, ಅದೂ ತಡಾನೇ ಮಾಡ್ತದ,” ಅಂದ. ಕೈ ಎತ್ತಿಸಿ ಎಣಿಸಿದರು. ಗೊತ್ತುವಳಿ ಪಾಸಾಯಿತು.

“ಗೇಟಿನ ನಿಯಮ ಹಂಗೇ ಇರ್ತದ,” ಅಂದರು ಹೆಡ್ ಮಾಸ್ಟರ್. “ಅದರ ಕೂಡ ಬಸ್ಸಿನ ಹೊತ್ತೂ ಬರೀರಿ. ನೋಡೋಣ.”

ಆಮೇಲೆ ಶಿಸ್ತು ಮಂತ್ರಿಯನ್ನು ಹಿಡಿಯುವವರೇ ಇಲ್ಲ. ತನ್ನಪ್ಪನ ಕೈಗಡಿಯಾರ ಕಟ್ಟಿಕೊಂಡು ಬಂದು ರಸ್ತೆಯ ಮೂಲೆಗೆ ನಿಲ್ಲುತ್ತಿದ್ದ. ನಮ್ಮ ಹನ್ನೊಂದು ಸಹಿಗಳ ಮೇಲೆ ದಿನಾ ಒಂದು ಸಾಲು: ಬಸ್ಸು, ಹತ್ತೂ ಹನ್ನೆರಡು. ಬಸ್ಸು, ಹತ್ತೂ ಒಂಬತ್ತು. ಬಸ್ಸು, ಹತ್ತೂ ಇಪ್ಪತ್ತು, ಎಮ್ಮೆ ಅಡ್ಡ ಬಂದಿತ್ತೆಂದು ಚಾಲಕರ ಹೇಳಿಕೆ. ಸುದ್ದಿ ಡ್ರೈವರ್ ಕಾಕಾನ ಕಿವಿಗೂ ಬಿತ್ತು.

“ಏನವ್ವಾ, ಸಾಲ್ಯಾಗ ನನ್ನ ಹೆಸರು ಬರಕೊಳ್ಳಾಕತ್ತಾರಂತ?”

“ನಿಮ್ಮದಲ್ರೀ ಕಾಕಾ, ಬಸ್ಸಿಂದು.”

“ಬಸ್ಸಿಗೆಲ್ಲಿ ಬರ್ಯಾಕ ಬರ್ತದ? ಸಹಿ ನಾನೇ ಮಾಡ್ತೀನಿ ತರ್ರಿ.”

ತಮಾಷೆಗೆ ಅಂದರು ಅಂದುಕೊಂಡೆವು. ಮರುದಿನ ಗೇಟಿನ ಮುಂದೆ ಬಸ್ಸು ನಿಲ್ಲಿಸಿ, ಇಳಿದು ಬಂದು, ಸಂದಿಯಿಂದ ಕೈ ತೂರಿಸಿ ನಮ್ಮ ಹಾಗೆಯೇ ಸಹಿ ಹಾಕಿ ಹೋದರು. ದಿನಾ ಹಾಕಿದರು. ಒಂದು ದಿನ ಅವರೇ ಉಪಾಯವನ್ನೂ ಹೇಳಿದರು: “ಮೊದಲು ನಿಮ್ಮೂರಿಗೆ ಬಂದು ನಿಮ್ಮನ್ನ ಕಮಲಾಪುರಕ್ಕ ಇಳಿಸಿ, ಆಮ್ಯಾಗ ಉಳಿದ ಹಳ್ಳಿ ಸುತ್ತಿದ್ರ ಆಯ್ತು. ಆದ್ರ ಅದು ನನ್ನ ಕೈಯಾಗಿಲ್ಲ. ಕಲಬುರಗಿ ಡಿಪೊದಾಗ ಸಾಹೇಬ್ರಿಗೆ ಹೇಳ್ರಿ.”

ದೀಪಾವಳಿ ಮುಗಿದ ಮೇಲೆ ಸಂಸತ್ತು ಗೊತ್ತುವಳಿ ಬರೆದು ನಮ್ಮನ್ನು ಕಲಬುರಗಿಗೆ ಕಳಿಸಿತು. ಮುಖ್ಯಮಂತ್ರಿ, ಶಿಸ್ತು ಮಂತ್ರಿ, ನಾನು, ನನ್ನ ಗೆಳತಿ, ಜೊತೆಗೆ ಸರ್. ಪುಸ್ತಕವನ್ನು ಶಿಸ್ತು ಮಂತ್ರಿ ಎದೆಗೆ ಅವಚಿಕೊಂಡು ಕೂತಿದ್ದ, ದಾರಿಯುದ್ದಕ್ಕೂ ಯಾರ ಕೈಗೂ ಕೊಡಲಿಲ್ಲ.

“ಇದೇನು, ಪೂರಾ ಸರ್ಕಾರನೇ ಬಂದದಲ್ಲ,” ಅಂದರು ಡಿಪೊದ ಸಾಹೇಬರು. ಪುಸ್ತಕದ ಹಾಳೆ ತಿರುವಿದರು. ತಿರುವುತ್ತ ತಿರುವುತ್ತ ಒಂದು ಕಡೆ ಬೆರಳು ನಿಲ್ಲಿಸಿದರು. “ಈ ಸಹಿ ಯಾರದು?”

“ನಿಮ್ಮ ಡ್ರೈವರ್‌ದು ರೀ,” ಅಂದ ಶಿಸ್ತು ಮಂತ್ರಿ.

“ನನ್ನ ಡ್ರೈವರೇ ಸಾಕ್ಷಿ ಹಾಕ್ಯಾನ ಅಂದ್ರ ಆಯ್ತು ನನ್ನ ಕಥಿ,” ಎಂದು ಅವರು ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ಕೇಳಿದರು: “ಉಳಿದ ಹಳ್ಳಿ ಮಂದಿ ತಡ ಆಯ್ತು ಅಂತ ಬೈದ್ರ?”

ಉತ್ತರ ಕೊಟ್ಟವನು ನನ್ನನ್ನು ಸೋಲಿಸಿದ ಹುಡುಗ. “ಅವರೆಲ್ಲ ಬಜಾರಕ್ಕ ಬರೋರು ರೀ. ನಾವು ಅಂಗಡಿ ತೆಗಿಯೋದೇ ಹತ್ತೂವರಿಗೆ. ಮೊದಲು ಬಂದು ಕಟ್ಟಿ ಮ್ಯಾಲೆ ಕೂಡ್ತಾರ. ನಮ್ಮಪ್ಪಗ ಕೇಳ್ರಿ ಬೇಕಾದ್ರ.”

“ಒಂದು ತಿಂಗಳು ಮಾಡಿ ನೋಡ್ತೀನಿ,” ಅಂದರು ಸಾಹೇಬರು.

ಹೊರಗೆ ಬಂದ ಮೇಲೆ ಸರ್ ನಮ್ಮನ್ನು ಶರಣಬಸವೇಶ್ವರ ಗುಡಿಯ ಹತ್ತಿರ ಕರೆದುಕೊಂಡು ಹೋಗಿ ಒಗ್ಗರಣೆ ಹಾಕಿದ ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ ಕೊಡಿಸಿದರು. ತಿನ್ನುತ್ತ ನಿಂತಾಗ ಹುಡುಗಿಯರ ಗುಂಪೊಂದು ಪುಸ್ತಕ ಹಿಡಿದುಕೊಂಡು ಜೋರಾಗಿ ಮಾತಾಡುತ್ತ ನಮ್ಮ ಮುಂದೆ ಹಾದುಹೋಯಿತು. ಇವರೆಲ್ಲ ಏನು ಓದುತ್ತಾರೆಂದು ಸರ್‌ಗೆ ಕೇಳಿದೆ. ಡಿಗ್ರಿ ಅಂದರು. ಆ ಗುಂಪು ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ಕೈಯಲ್ಲಿದ್ದ ಮಿರ್ಚಿ ತಣ್ಣಗಾಗಿತ್ತು.

ಮುಂದಿನ ಸೋಮವಾರ ಬಸ್ಸು ಒಂಬತ್ತೂ ಇಪ್ಪತ್ತಕ್ಕೆ ನಮ್ಮನ್ನು ಕಮಲಾಪುರದಲ್ಲಿ ಇಳಿಸಿತು. ಗೇಟು ತೆರೆದಿತ್ತು. ಒಳಗೆ ಹೋದ ಮೇಲೆ ನಮಗೆ ಎಲ್ಲಿ ನಿಲ್ಲಬೇಕೆಂದೇ ಗೊತ್ತಾಗಲಿಲ್ಲ. ಯಾವ ಕ್ಲಾಸಿನ ಸಾಲು ಯಾವ ಕಡೆ, ಎತ್ತರದವರು ಹಿಂದೋ ಮುಂದೋ, ಯಾವಾಗ ಕೈ ಮುಂದೆ ಚಾಚಬೇಕು, ಒಂದೂ ಗೊತ್ತಿಲ್ಲ. ಎಂಟನೆಯ ತರಗತಿಯವರಿಗೂ ಗೊತ್ತಿರುವ ಸಂಗತಿ. ಪ್ರತಿಜ್ಞೆ ಹೇಳುವಾಗ ನಾನು ಎಡಗೈ ಚಾಚಿದೆ. ಗೆಳತಿ ಅದನ್ನು ಕೆಳಗಿಳಿಸಿ, “ನಕ್ಕೋ ಬಾ, ಎಡ ಬ್ಯಾಡ, ಬಲಗೈ,” ಎಂದು ಪಿಸುಗುಟ್ಟಿದಳು. ಗೇಟಿನ ಹತ್ತಿರ ಶಿಸ್ತು ಮಂತ್ರಿ ಪುಸ್ತಕ ತೆರೆದು, ಬಹಳ ಹೊತ್ತು ಯೋಚಿಸಿ, ‘ಯಾರೂ ಇಲ್ಲ’ ಎಂದು ಬರೆದ.

ಇಷ್ಟಾದರೂ ನನ್ನ ಕುತ್ತಿಗೆಯ ಮೇಲಿನ ಕತ್ತಿ ಹೋಗಿರಲಿಲ್ಲ. ಬಸ್ಸು ಸರಿಯಾದದ್ದು ಆವತ್ತಿನಿಂದ. ಜೂನ್ ತಿಂಗಳಿನಿಂದ ಬಿದ್ದ ಗೈರುಹಾಜರಿ ಹಾಗೆಯೇ ಇತ್ತು. ಕ್ಲಾಸ್ ಟೀಚರ್ ಕೂಡಿಸಿ ನೋಡಿ, “ಇನ್ನೂ ಕಡಿಮಿ ಬೀಳ್ತದ,” ಅಂದರು. ಹೊಲಗಳಲ್ಲಿ ತೊಗರಿ ಒಣಗಿ ಗಲಗಲ ಅನ್ನುತ್ತಿತ್ತು. ಅಪ್ಪ ಕುಡುಗೋಲು ಮಸೆಸಿಕೊಂಡು ಬಂದಿದ್ದ. ನನಗೇನೂ ಅನ್ನಲಿಲ್ಲ, ಮೂರು ಕುಡುಗೋಲು ಮಸೆಸಿದ್ದ ಅಷ್ಟೆ. ಮನೆಯಲ್ಲಿ ದೊಡ್ಡವರು ಇಬ್ಬರೇ.

ಆ ಶುಕ್ರವಾರ ನಾನು ನನ್ನ ಪ್ರಶ್ನೆಯನ್ನು ಬಸ್ಸಿನಲ್ಲಿ ಹತ್ತು ಸಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬೇವಿನ ಗಿಡದ ಕೆಳಗೆ ಎದ್ದು ನಿಂತಾಗ ಅದು ಒಂದೇ ಸಾಲಾಗಿ ಬಂತು.

“ಶಿಸ್ತು ಮಂತ್ರಿಗಳ ಪುಸ್ತಕದಾಗ ಸಹಿ ಮಾಡಿದವರು ಆ ದಿನ ಸಾಲಿಗೆ ಬಂದಿದ್ರೋ, ಇಲ್ಲೋ?”

ಶಿಸ್ತು ಮಂತ್ರಿ ಎದ್ದ. ಅವನ ಎದುರಿಗೇ ಹೆಡ್ ಮಾಸ್ಟರ್ ಕೂತಿದ್ದರು, ನಿಯಮ ಅವರದು.

“ಬಂದಿದ್ರು,” ಅಂದ. “ಗೇಟಿನ ಆಚಿ ನಿಂತಿದ್ರು. ಜ್ವರ ಬಂದ ದಿನ ಬಿಟ್ರ ಒಂದಿನಾನೂ ತಪ್ಪಿಸಿಲ್ಲ. ಸಹಿ ನಾನೇ ತಗೊಂಡೀನಿ.”

“ಪುಸ್ತಕ ಕೊಡು,” ಅಂದರು ಹೆಡ್ ಮಾಸ್ಟರ್.

ಅದನ್ನೂ ಹಾಜರಿ ಪುಸ್ತಕವನ್ನೂ ಮನೆಗೆ ಒಯ್ದರು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಮೈಕಿನ ಮುಂದೆ ಬಂದರು. ಆ ಮಾತು ಕೇಳಲು ನಾವು ಹನ್ನೊಂದು ಮಂದಿಯೂ ಸಾಲಿನಲ್ಲಿದ್ದೆವು.

“ಸದನದಾಗ ಒಂದು ಪ್ರಶ್ನೆ ಬಂದಿತ್ತು. ಇವರು ಹೊರಗ ನಿಂತಿದ್ದು ನಾ ನಿಲ್ಲಿಸಿದ್ದಕ್ಕ. ಸಹಿ ಇದ್ದ ದಿನ ಎಲ್ಲಾ ಇವರು ಹಾಜರ್. ಕ್ಲಾಸ್ ಟೀಚರ್ ತಿದ್ದಿಕೊಳ್ತಾರ.”

ಮೊದಲು ಚಪ್ಪಾಳೆ ತಟ್ಟಿದವನು ಮುಖ್ಯಮಂತ್ರಿಯೋ ನನ್ನ ಗೆಳತಿಯೋ ನೆನಪಿಲ್ಲ. ಚಪ್ಪಾಳೆ ನಿಂತದ್ದು ಬಹಳ ಹೊತ್ತಿನ ಮೇಲೆ. ನಮ್ಮನ್ನು ಹೆಸರು ಹಿಡಿದು ಶಿಕ್ಷಿಸುತ್ತಿದ್ದ ಪುಸ್ತಕವೇ ನಾವು ಬಂದಿದ್ದೆವು ಅನ್ನುವುದಕ್ಕೆ ಇದ್ದ ಒಂದೇ ಒಂದು ದಾಖಲೆಯಾಗಿತ್ತು.

ಸಂಜೆ ಅಪ್ಪನಿಗೆ ಹೇಳಿದೆ. ಅವನು ಬಾಗಿಲ ಪಕ್ಕ ಒರಗಿಸಿದ್ದ ಮೂರು ಕುಡುಗೋಲುಗಳ ಕಡೆ ನೋಡಿದ.

“ಹಂಗಾದ್ರ ರಾಶಿಗೆ ಒಂದಾಳು ಕಡಿಮಿ ಆಯ್ತು.”

“ನಾ ಎರಡಾಳಿನ ಕೆಲಸ ಮಾಡ್ತೀನಿ, ನೀ ಸುಮ್ಮನಿರು,” ಅಂದಳು ಅವ್ವ.

ಹತ್ತನೆಯದು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಪಿಯುಸಿ ಕಮಲಾಪುರದಲ್ಲಿ, ಡಿಗ್ರಿ ಕಲಬುರಗಿಯಲ್ಲಿ. ಡಿಗ್ರಿಯ ಸರ್ಟಿಫಿಕೇಟು ಮನೆಗೆ ತಂದ ದಿನ ಅಪ್ಪ ಕೈ ತೊಳೆದು, ಧೋತರಕ್ಕೆ ಒರೆಸಿಕೊಂಡು, ಅದನ್ನು ಅಂಚು ಹಿಡಿದು ನೋಡಿದ.

“ಇದರಾಗ ನೀ ಎಲ್ಲಿ ಸಹಿ ಮಾಡೀದಿ?”

“ಇದಕ್ಕ ನಾ ಮಾಡಂಗಿಲ್ಲಪ್ಪ. ನನ್ನ ಸಲುವಾಗಿ ಅವರು ಮಾಡ್ತಾರ.”

ಅವನು ಆ ಸಹಿಗಳ ಮೇಲೆ ಮುಟ್ಟದೆ ಬೆರಳಾಡಿಸಿದ. ಆಮೇಲೆ ಅದನ್ನು ಓಣಿಯ ಎಲ್ಲರಿಗೂ ತೋರಿಸಿ ಬಂದ.

ಈಗ ಕುಸನೂರ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನೇ ಸಮಾಜ ವಿಜ್ಞಾನ ಕಲಿಸುತ್ತೇನೆ. ಶಾಲಾ ಸಂಸತ್ತು ನನ್ನ ಜವಾಬ್ದಾರಿ. ವಿರೋಧ ಪಕ್ಷದ ಕುರ್ಚಿಯನ್ನು ಒಂದು ವರ್ಷವೂ ಖಾಲಿ ಬಿಟ್ಟಿಲ್ಲ. ನಮ್ಮಲ್ಲಿಗೆ ತಾಜಸುಲ್ತಾನಪುರದಿಂದ ಏಳು ಮಕ್ಕಳು ಒಂದೇ ಆಟೊದಲ್ಲಿ ಬರುತ್ತಾರೆ. ಈ ಸಲ ಮತದಾನದ ದಿನ ಆ ಆಟೊ ಪಂಕ್ಚರ್ ಆಯಿತು. ಸಾಲು ಖಾಲಿಯಾಯಿತು, ಮತಗಟ್ಟೆಯ ಅಧಿಕಾರಿಯಾಗಿ ಕೂತಿದ್ದ ಹುಡುಗಿ ಪೆಟ್ಟಿಗೆಗೆ ಅಂಟಿಸುವ ಕಾಗದ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದಳು.

“ಟೈಮ್ ಮುಗೀತೇನ್ರೀ ಮೇಡಂ?”

“ನೋಟಿಸ್ ಓದು.”

ಅವಳು ಗೋಡೆಯ ಹತ್ತಿರ ಹೋಗಿ ಗಟ್ಟಿಯಾಗಿ ಓದಿದಳು: “ಮತದಾನ, ಪ್ರಾರ್ಥನೆ ಮುಗಿದ ಕೂಡಲೇ ಆರಂಭ. ತಾಜಸುಲ್ತಾನಪುರದ ಆಟೊ ಬಂದು, ಅದರಲ್ಲಿದ್ದವರೆಲ್ಲ ಮತ ಹಾಕಿದ ಮೇಲೆ ಮುಕ್ತಾಯ.”

ಹನ್ನೊಂದೂಕಾಲಿಗೆ ಗೇಟಿನಲ್ಲಿ ಆಟೊದ ಹಾರ್ನ್ ಕೇಳಿಸಿತು. ಏಳು ಮಕ್ಕಳು ಓಡಿ ಬಂದರು. ಓಡಬೇಕಾಗಿರಲಿಲ್ಲ, ಪೆಟ್ಟಿಗೆ ತೆರೆದೇ ಇತ್ತು. ಅವರ ಬೆರಳಿಗೆ ಶಾಯಿ ಹಚ್ಚುವ ಕೆಲಸವನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡಲಿಲ್ಲ.